ಮಾವನ ಗೂಡನ್ನು ಅತ್ತೆ ಯಾಕೆ ಒಡೆದಳು

ನನ್ನ ಅಕ್ಷರ ಚೆನ್ನಾಗಿಲ್ಲ, ದಯವಿಟ್ಟು ಬೇಸರ ಮಾಡಿಕೊಳ್ಳಬೇಡಿ. ಒಂಬತ್ತನೇ ತರಗತಿಯ ಅರ್ಧದಲ್ಲೇ ಶಾಲೆ ಬಿಟ್ಟವಳು, ದೊಡ್ಡ ಮಾತುಗಳು ಬರುವುದಿಲ್ಲ. ಬಾಯಲ್ಲಿ ಹೇಳೋಣವೆಂದರೆ ನಾಲ್ಕು ಜನರ ಮುಂದೆ ನಾಲಿಗೆ ಏಳುವುದಿಲ್ಲ. ಸಿಟ್ಟು ಬಂದಾಗಲಂತೂ ಮಾತಿಗಿಂತ ಮೊದಲು ಕಣ್ಣೀರು ಬರುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಗಂಡ ಕಷ್ಟಪಟ್ಟು ಮಾಡಿದ ಕೋಳಿಗೂಡನ್ನು ಒಡೆದು ಹಾಕಿದಳು, ತಲೆ ಕೆಟ್ಟಿದೆ ಎಂದು ನಮ್ಮ ಬೀದಿಯವರು ಅತ್ತೆಯನ್ನು ಆಡಿಕೊಳ್ಳುತ್ತಿದ್ದಾರೆ. ಅವರಲ್ಲಿ ಒಬ್ಬರೂ ಆ ಗೂಡಿನೊಳಗೆ ತಲೆ ಹಾಕಿ ನೋಡಿದವರಲ್ಲ.

ಅತ್ತೆ ಎಂದರೆ ನನ್ನ ಅಪ್ಪನ ಅಕ್ಕ. ಅವಳಿಗೆ ಮಕ್ಕಳಿಲ್ಲ, ಶಾಲೆ ಬಿಟ್ಟ ಮೇಲೆ ನಾನು ಅವಳ ಜೊತೆಗೇ ಇದ್ದೇನೆ. ಮದುವೆಯಾದಾಗಿನಿಂದ ಅವಳು ಬಟ್ಟೆ ಕಾರ್ಖಾನೆಯಲ್ಲಿ ಅಂಗಿಗಳಿಗೆ ಕಾಲರ್ ಹೊಲಿಯುತ್ತಿದ್ದಳು. ಸೊಂಟ ಕೈಕೊಟ್ಟ ಮೇಲೆ ಮನೆಯಲ್ಲಿ ಕೂತಳು. 'ಕೂತಳು' ಎನ್ನುವುದು ಮಾವನ ಮಾತು. ಅತ್ತೆ ಕೂತಿದ್ದನ್ನು ನಾನು ಕಂಡಿಲ್ಲ. ಕೆಲಸ ಬಿಟ್ಟ ಕೂಡಲೇ ಒಂದಷ್ಟು ಕೋಳಿಮರಿ ತಂದು, ಅಡುಗೆಮನೆಯ ಮೂಲೆಯಲ್ಲಿ ರಟ್ಟಿನ ಪೆಟ್ಟಿಗೆಯ ಮೇಲೆ ಬಲ್ಬು ತೂಗುಬಿಟ್ಟು ಬೆಳೆಸಿದಳು. ಅವು ಮೊಟ್ಟೆಗೆ ಬಂದಾಗ ಹಿತ್ತಿಲಿಗೆ ಹೋಗುವ ಅವಳ ನಡಿಗೆಯೇ ಬೇರೆಯಾಯಿತು. ಆ ಮನೆಯಲ್ಲಿ ಅವಳದು ಅಂತ ಇದ್ದದ್ದು ಅದೊಂದೇ.

ಮಾವ ಬಡಗಿ. ಮೊಳೆ ಹೊಡೆಯದೆ ಮರಕ್ಕೆ ಮರ ಕೂರಿಸುತ್ತಾರೆ, ಅದರಲ್ಲಿ ಎರಡು ಮಾತಿಲ್ಲ. ಕೋಳಿಗಳಿಗೂ ಹಾಗೆಯೇ ಒಂದು ಗೂಡು ಮಾಡಿದರು. ತುಂಬ ಜೋಡಣೆಗಳು, ಕೋಳಿ ಕೂರುವ ಅಡ್ಡಪಟ್ಟಿಗಳ ಕೆಳಗೂ ಅಂದಕ್ಕೆ ಅಂಟಿಸಿದ ಬೀಡಿಂಗ್ ಎಂಬ ಸಣ್ಣ ಮರದ ಅಂಚು, ಎಲ್ಲದಕ್ಕೂ ಕೆಂಪು ಪಾಲಿಶ್. ಬೀದಿಗೆ ಬೀದಿಯೇ ಬಂದು ನೋಡಿತು. ಪಕ್ಕದ ಮನೆಯ ಟೈಲರ್ ಅಕ್ಕ, ನಮ್ಮ ಮನೆಯವರಿಗೂ ಇಂಥದ್ದೊಂದು ಮಾಡಿಕೊಡಿ ಅಣ್ಣಾ, ಸಂಜೆಯಾದರೆ ಒಳಗೆ ಹಾಕಿ ಚಿಲಕ ಹಾಕಿಬಿಡುತ್ತೇನೆ ಎಂದಳು. ಮಾವ ಆ ದಿನವಿಡೀ ನಗುತ್ತಲೇ ಇದ್ದರು.

ಬೇಸಿಗೆ ಶುರುವಾಗುತ್ತಿದ್ದ ಹಾಗೆ ಮೊಟ್ಟೆ ಕಡಿಮೆಯಾಯಿತು. ಆಮೇಲೆ ಜುಟ್ಟುಗಳ ಕೆಂಪು ಇಳಿದು ಪೇಲವವಾದವು. ಕೆಮ್ಮಿಲ್ಲ, ಮೂಗು ಸೋರುವುದಿಲ್ಲ, ಹಿಕ್ಕೆ ನೆಟ್ಟಗಿದೆ, ಮೇವು ತಿನ್ನುತ್ತವೆ. ಆದರೂ ಗೋಡೆಯ ಪಕ್ಕ ರೆಕ್ಕೆ ಇಳಿಬಿಟ್ಟು ತೂಕಡಿಸುತ್ತವೆ. ಅತ್ತೆ ಒಂದೊಂದನ್ನೇ ಮಡಿಲಿಗೆ ಹಾಕಿಕೊಂಡು ರೆಕ್ಕೆಯ ಕೆಳಗೆ, ಬಾಲದ ಬುಡದಲ್ಲಿ ಗರಿ ಬಿಡಿಸಿ ನೋಡಿದಳು. ಹೇನು ಕಾಣಲಿಲ್ಲ. ಔಷಧಿ ಅಂಗಡಿಯಿಂದ ಹೊಟ್ಟೆಹುಳದ ಪುಡಿ ತಂದು ನೀರಿಗೆ ಬೆರೆಸಿದಳು, ಮೇವು ಬದಲಾಯಿಸಿದಳು, ನೆರಳಿಗೆ ಗೋಣಿ ಕಟ್ಟಿದಳು. ಯಾವುದೂ ಹತ್ತಲಿಲ್ಲ.

ಮಾವನಿಗೆ ಮಾತ್ರ ಕಾರಣ ಮೊದಲೇ ಗೊತ್ತಿತ್ತು. ಅತ್ತೆಯ ಕೈಗುಣ. ಗೂಡು ನೋಡಿದರೆ ಅರಮನೆ, ಸಾಕುವವಳನ್ನು ನೋಡಿದರೆ ಹೀಗೆ, ಎಂದು ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದರು. ಅತ್ತೆ ದಿನವೂ ಗೂಡು ಒರೆಸುತ್ತಿದ್ದಳು. ಅಡ್ಡಪಟ್ಟಿಗಳನ್ನು ಒರೆಸಿದಾಗ ಬಟ್ಟೆಗೆ ಕೆಂಪು ಹತ್ತುತ್ತಿತ್ತು. ಅದನ್ನು ಕಂಡ ಮಾವ, ಉಜ್ಜಿ ಉಜ್ಜಿ ನನ್ನ ಪಾಲಿಶ್ ಕಿತ್ತು ಹಾಕುತ್ತಿದ್ದೀಯ ಎಂದು ರೇಗಿದರು. ಪಟ್ಟಿಗಳನ್ನು ಇನ್ನು ಮುಟ್ಟಕೂಡದು ಎಂದರು. ಅತ್ತೆಯೂ ಅದು ಪಾಲಿಶ್ ಎಂದೇ ನಂಬಿದಳು, ನಾನೂ ನಂಬಿದೆ. ಪಾಲಿಶ್ ಹಾಕಿದ ಮನುಷ್ಯನೇ ಹೇಳಿದ ಮೇಲೆ ನಂಬದೆ ಏನು ಮಾಡುವುದು?

ಇಷ್ಟರಲ್ಲಿ ಸಂಜೆಯಾದರೆ ಕೋಳಿಗಳು ಗೂಡಿಗೆ ಹೋಗದಾದವು. ಗೋಡೆ ಹತ್ತುತ್ತಿದ್ದವು, ನೀರಿನ ತೊಟ್ಟಿಯ ಅಂಚಿನಲ್ಲಿ ಕೂರುತ್ತಿದ್ದವು. ಮುದ್ದು ಮಾಡಿ ಹಾಳು ಮಾಡಿದ್ದೀಯ, ಹಿಡಿದು ಒಳಗೆ ಹಾಕು ಎಂದು ಮಾವ ಬಾಗಿಲಲ್ಲಿ ನಿಂತು ಹೇಳುತ್ತಿದ್ದರು. ಸೊಂಟ ಹಿಡಿದುಕೊಂಡು ಅತ್ತೆ ಒಂದೊಂದನ್ನೇ ಅಟ್ಟಿಸಿ ಹಿಡಿದು ಒಳಗೆ ಹಾಕಿ ಚಿಲಕ ಹಾಕುತ್ತಿದ್ದಳು. ಬಾಯಿಲ್ಲದ ಜೀವಗಳು ತಮ್ಮ ಕೈಲಾದಷ್ಟು ಹೇಳುತ್ತಿದ್ದವು. ಇದನ್ನು ಬರೆಯುವಾಗ ನನ್ನ ಪೆನ್ನು ಒತ್ತಿ ಕಾಗದ ಹರಿಯಿತು, ಕ್ಷಮಿಸಿ.

ಗೂಡಿನೊಳಗೆ ಮೊಟ್ಟೆ ಇಡುವ ಮೂಲೆಯಲ್ಲಿ ಕೂತ ಹಾಗೆಯೇ ಬೂದಿ ಸತ್ತಿತು. ಬೂದಿ ಎಂದರೆ ಅತ್ತೆಯ ಬೆನ್ನು ಹತ್ತಿಕೊಂಡೇ ಓಡಾಡುತ್ತಿದ್ದ ಬೂದುಬಣ್ಣದ ಕೋಳಿ. ಮಾವ ಅದನ್ನು ಕಾಲಿನಿಂದ ಸರಿಸಿ ನೋಡಿ ಹೇಳಿದರು: "ಭಾನುವಾರ ಮಾಂಸದ ಅಂಗಡಿಯವನಿಗೆ ಬರಕ್ಕೆ ಹೇಳ್ತೀನಿ. ಉಳಿದಿರೋದನ್ನೆಲ್ಲ ತಗೊಂಡು ಹೋಗ್ಲಿ. ಇವಳ ಕೈಲಿ ಸಾಯೋದಕ್ಕಿಂತ ಅವನ ಕೈಲಿ ಸಾಯೋದು ಮೇಲು."

ಅತ್ತೆ ಸತ್ತ ಬೂದಿಯನ್ನೂ ತೀರಾ ಸುಸ್ತಾಗಿದ್ದ ಇನ್ನೊಂದು ಕೋಳಿಯನ್ನೂ ಬುಟ್ಟಿಗೆ ಹಾಕಿಕೊಂಡು ದನದ ಆಸ್ಪತ್ರೆಗೆ ಹೊರಟಳು. ನಾನೂ ಹಿಂದೆ ಹೋದೆ. ಕೋಳಿಗೆಲ್ಲ ಡಾಕ್ಟರಾ ಎಂದು ಮಾವ ನಕ್ಕಿದ್ದು ಗೇಟಿನವರೆಗೂ ಕೇಳಿಸಿತು.

ಡಾಕ್ಟರಮ್ಮ ಅವಸರ ಮಾಡಲಿಲ್ಲ. ಬದುಕಿದ್ದ ಕೋಳಿಯ ಎದೆಮೂಳೆ ತಡವಿದರು, ಗಂಟಲ ಚೀಲ ಒತ್ತಿದರು, ಕಣ್ಣಿನ ರೆಪ್ಪೆ ಬಿಡಿಸಿ ತೋರಿಸಿದರು. ಒಳಗೆ ಕಾಗದದ ಹಾಗೆ ಬಿಳಿ. ಬೂದಿಯನ್ನು ಕೊಯ್ದು ನೋಡಿ, ಹೊಟ್ಟೆಯಲ್ಲಿ ಹುಳವಿಲ್ಲ, ಆದರೆ ಮೈಯಲ್ಲಿ ರಕ್ತವೇ ಇಲ್ಲ ಎಂದರು. ಆಮೇಲೆ ಒಂದು ಪ್ರಶ್ನೆ ಕೇಳಿದರು.

"ಸಂಜೆ ಗೂಡಿಗೆ ತಾವಾಗೇ ಹೋಗ್ತಾವಾ?"

"ಇಲ್ಲ ಮೇಡಂ. ಹಿಡಿದು ಹಾಕ್ಬೇಕು," ಎಂದಳು ಅತ್ತೆ.

ಅವರು ತಲೆಯಾಡಿಸಿದರು. ಕೆಂಪು ನುಸಿ ಇರಬೇಕು ಎಂದರು. ಸಾಸಿವೆಗಿಂತ ಸಣ್ಣವು. ಹಗಲು ಮರದ ಸಂದಿಗಳಲ್ಲಿ ಅಡಗಿದ್ದು, ಕತ್ತಲಾದ ಮೇಲೆ ಬಂದು ರಕ್ತ ಕುಡಿದು ವಾಪಸು ಹೋಗುತ್ತವೆ. ಅದಕ್ಕೇ ಹಗಲಲ್ಲಿ ಕೋಳಿಯ ಮೈಮೇಲೆ ಎಷ್ಟು ಹುಡುಕಿದರೂ ಸಿಗುವುದಿಲ್ಲ. ಗೂಡಿನ ಸಂದಿಗೆ ಬಿಳಿ ಬಟ್ಟೆ ತಿಕ್ಕಿ ನೋಡಿ, ಕೆಂಪು ಹತ್ತಿದರೆ ಅದೇ, ಎಂದರು. ಅತ್ತೆಯ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ. ಮರಕ್ಕೆ ಹೊಡೆಯುವ ಔಷಧಿ, ಕೋಳಿಯ ಮೈಗೆ ಹಚ್ಚುವ ಪುಡಿ, ರಕ್ತ ಹೆಚ್ಚಲು ನೀರಿಗೆ ಹಾಕುವ ಟಾನಿಕ್ಕು ಬರೆದುಕೊಟ್ಟರು. ತಾವು ಹೇಳುವವರೆಗೆ ಮೊಟ್ಟೆಯನ್ನಾಗಲಿ ಮಾಂಸವನ್ನಾಗಲಿ ಯಾರೂ ತಿನ್ನಬಾರದು ಎಂದರು. ಗೂಡು ಹೇಗಿದೆ ಎಂದು ನಮ್ಮಿಂದ ಕೇಳಿ ತಿಳಿದುಕೊಂಡು, ಅಂದದ ಬೀಡಿಂಗ್ ಎಲ್ಲ ತೆಗೆದುಬಿಡಿ, ಒಂದೇ ನುಣುಪಾದ ಕೋಲು ಸಾಕು, ಕೋಳಿಗೆ ಅರಮನೆ ಬೇಡ ಎಂದರು. ಅರಮನೆ ಎಂಬ ಮಾತು ಅವರ ಬಾಯಲ್ಲೂ ಹೇಗೆ ಬಂತೋ.

ಶನಿವಾರ ಮಧ್ಯಾಹ್ನ ಮಾವ ಮನೆಯಲ್ಲಿದ್ದರು. ಅವರ ಎದುರಿಗೇ ಅತ್ತೆ ಒಂದು ಅಡ್ಡಪಟ್ಟಿಯ ಕೆಳಗೆ ಬಿಳಿ ಬಟ್ಟೆ ಎಳೆದು ತೋರಿಸಿದಳು. ಉದ್ದಕ್ಕೂ ಕೆಂಪು.

"ಪಾಲಿಶ್ ಅದು. ಎಷ್ಟು ಸಲ ಹೇಳ್ಬೇಕು ನಿಂಗೆ?" ಎಂದರು ಮಾವ.

ಅತ್ತೆ ಅವರ ಉಳಿ ತಂದು ಬೀಡಿಂಗ್‌ನ ಸಂದಿಗೆ ತೂರಿಸಿ ಮೀಟಿದಳು. ಅದು ಬಿಟ್ಟುಕೊಂಡಿತು. ಅದರ ಹಿಂದೆ ಬೂದು, ಕೆಂಪು, ಕಪ್ಪು ಪುಡಿ ದಪ್ಪಗೆ ಕೂತಿತ್ತು. ಅದರಲ್ಲಿ ಒಂದು ಚಿಟಿಕೆ ತೆಗೆದು ಅತ್ತೆ ಮಾವನ ಅಂಗೈಗೆ ಹಾಕಿದಳು.

"ಪಾಲಿಶ್ ನಡೆಯುತ್ತೇನ್ರೀ?"

ಆ ಪುಡಿ ಅವರ ಮಣಿಕಟ್ಟಿನ ಕಡೆಗೆ ಹರಿಯುತ್ತಿತ್ತು. ಮಾವ ಕೈ ಕೊಡವಿ, ಬಟ್ಟೆಗೆ ಒರೆಸಿಕೊಂಡು, ಮತ್ತೆ ಕೊಡವಿದರು. ಗೊತ್ತಾಗಲಿಲ್ಲ ಕಣೇ ಎನ್ನಬಹುದಿತ್ತು. ಯಾರಿಗೂ ಗೊತ್ತಿರಲಿಲ್ಲ, ಅದರಲ್ಲಿ ಅವಮಾನವೇನಿತ್ತು? ಅವರು ಹೇಳಿದ್ದು ಇಷ್ಟು: "ಗಲೀಜು ಮಾಡ್ಕೊಂಡಿದ್ದೂ ಅಲ್ದೆ ನನ್ನ ಕೆಲಸಕ್ಕೆ ಹೆಸರು ಕೆಡಿಸ್ತೀಯಾ?" ಹೇಳಿ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು. ಗೂಡು ಬಿಚ್ಚಿಕೊಡಿ ಎಂದು ಅತ್ತೆ ಹಿಂದಿನಿಂದ ಕರೆದಳು. ಅವರು ತಿರುಗಲಿಲ್ಲ.

ಆಮೇಲೆ ಒಡೆದಳು. ಮೊಳೆಯಿಲ್ಲದ ಗೂಡು ಹೇಗೆ ಬಿಚ್ಚಬೇಕೋ ನಮಗೆ ಗೊತ್ತಿರಲಿಲ್ಲ, ಸುತ್ತಿಗೆಯಲ್ಲಿ ಹೊಡೆಯುವುದೊಂದೇ ಗೊತ್ತಿತ್ತು. ಬೀದಿಯವರು ಕೇಳಿದ್ದು ಆ ಸದ್ದು. ಅತ್ತೆ ಅಳಲಿಲ್ಲ, ಬೈಯಲಿಲ್ಲ, ಹಲ್ಲು ಕಚ್ಚಿಕೊಂಡು ಒಂದೊಂದೇ ಜೋಡಣೆ ಬಿಡಿಸಿದಳು. ಪ್ರತಿಯೊಂದು ಜೋಡಣೆಯಲ್ಲೂ ನುಸಿ. ಬೀಡಿಂಗ್ ಎಲ್ಲ ಸುಟ್ಟೆವು. ಉಳಿದ ಹಲಗೆಗಳಿಗೆ ಕುದಿಯುವ ನೀರು ಸುರಿದು, ಒಣಗಿಸಿ, ಔಷಧಿ ಹೊಡೆದೆವು. ಕೋಳಿಗಳ ಮೈಗೆ ಪುಡಿ ಹಚ್ಚಿದೆವು. ಹಲಗೆಗಳನ್ನು ಹಗ್ಗದಲ್ಲಿ ಕಟ್ಟಿ ನಿಲ್ಲಿಸಿ ಅಡ್ಡಲಾಗಿ ಒಂದು ಕಬ್ಬಿಣದ ಪೈಪು ಇಟ್ಟೆವು. ನೋಡಲು ಚೆನ್ನಾಗಿಲ್ಲ.

ಭಾನುವಾರ ಮಾಂಸದ ಅಂಗಡಿಯವನು ಬುಟ್ಟಿ ಹಿಡಿದು ಬಂದ. ಮಾವ ಜಗುಲಿಯಲ್ಲಿ ಕೂತು, ಹಿಂದೆ ಹೋಗಿ ಹಿಡ್ಕೋ ಎಂದರು. ಅತ್ತೆ ಹಿತ್ತಿಲ ಬಾಗಿಲಿಗೆ ಅಡ್ಡ ನಿಂತು ಅವನಿಗೇ ಹೇಳಿದಳು: "ಔಷಧಿ ಹಾಕಿದೀವಿ ಅಣ್ಣಾ, ಇದನ್ನ ತಿನ್ನಂಗಿಲ್ಲ. ತಿಂದೋರಿಗೆ ಏನಾದ್ರೂ ಆದ್ರೆ ಬರೋದು ನಿನ್ನ ಅಂಗಡಿಗೆ." ಅವನು ಮಾವನ ಮುಖ ನೋಡಿದ, ಅತ್ತೆಯ ಮುಖ ನೋಡಿದ, ಖಾಲಿ ಬುಟ್ಟಿ ಹೊತ್ತು ನಡೆದ.

ಮಾವ ಈಗ ಅತ್ತೆಯ ಜೊತೆ ಮಾತು ಬಿಟ್ಟಿದ್ದಾರೆ. ಬೀದಿಯ ತುದಿಯಲ್ಲಿ ಕೂತು ತಮ್ಮ ಗೂಡಿನ ಕಥೆ ಹೇಳುತ್ತಾರೆ. ನುಸಿಯ ಮಾತು ಆ ಕಥೆಯಲ್ಲಿ ಬರುವುದಿಲ್ಲ. ನನಗೆ ನುಸಿಯ ಮೇಲೆ ಸಿಟ್ಟಿಲ್ಲ, ಅದು ತನ್ನ ಹೊಟ್ಟೆಪಾಡು ನೋಡಿಕೊಂಡಿತು. ಜುಟ್ಟುಗಳು ಇನ್ನೂ ಕೆಂಪಾಗಿಲ್ಲ. ಆದರೆ ಸಂಜೆ ಯಾರೂ ಅಟ್ಟಿಸದಿದ್ದರೂ ಅವು ತಾವಾಗಿ ಹೋಗಿ ಆ ಪೈಪಿನ ಮೇಲೆ ಕೂರುತ್ತವೆ.

ಮೊದಲ ಸಲದ ಔಷಧಿಗೆ ನುಸಿಯ ಮೊಟ್ಟೆಗಳು ಸಾಯುವುದಿಲ್ಲವಂತೆ. ಅವು ಒಡೆದ ಮೇಲೆ ಇನ್ನೊಂದು ಸಲ ಹೊಡೆಯಬೇಕು ಎಂದು ಡಾಕ್ಟರಮ್ಮ ಹೇಳಿದ್ದಾರೆ. ಅತ್ತೆಗೆ ಸೊಂಟ ನೋವು ಜಾಸ್ತಿಯಾಗಿದೆ. ನಾಳೆ ಬೆಳಿಗ್ಗೆ ನಾನೇ ನೀರು ಕಾಯಿಸಿ, ಹಗ್ಗ ಬಿಚ್ಚಿ, ಹಲಗೆಗಳನ್ನು ತೊಳೆದು ಔಷಧಿ ಹೊಡೆಯುತ್ತೇನೆ.