ಹಾರೆ ಕೇಳಿದ ಹೆಸರು

ಚಿನ್ನದ ಗಣಿಯ ಆಳುಗಳಿದ್ದ ಉರಿಗಾಂ ಲೈನುಮನೆಗಳಲ್ಲಿ ಅಮ್ಮಾಜಮ್ಮನ ಬಾಯಿಗೆ ಎದುರಿರಲಿಲ್ಲ. ಬಂಗಾರಪೇಟೆ ಕಡೆಯ ಹಳ್ಳಿಯಿಂದ ಮದುವೆಯಾಗಿ ಬಂದವಳು, ಗಣಿಯೊಳಗೆ ಹಾರೆ ಹಿಡಿಯುವ ಕೋದಂಡಪ್ಪನ ಹೆಂಡತಿ. ದೀಪ ಹಚ್ಚಿದ ಮೇಲೆ ಜಗಲಿಯಲ್ಲಿ ಕೂತು ಮಾಯದ ಹಾರೆಯ ಕತೆ ಎತ್ತಿದಳೆಂದರೆ, ಒಲೆಯ ಮೇಲೆ ಸಾರು ಸೀದರೂ ಹೆಂಗಸರು ಏಳುತ್ತಿರಲಿಲ್ಲ. ಆ ಹಾರೆ ತಾಕಿದರೆ ಎಂಥ ಬಂಡೆಯೂ ಬಾಯಿ ಬಿಡುತ್ತದೆ. ಆದರೆ ಪುಕ್ಕಟೆಯೇ? ಬಂಡೆಯೊಳಗೆ ಸಿಕ್ಕವರನ್ನು ಬಿಡಿಸಬೇಕಾದರೆ ಹಾರೆ ಬದಲಿಗೆ ಒಬ್ಬರ ಹೆಸರು ಕೇಳುತ್ತದೆ, ಹೇಳಲೇಬೇಕು. ಹೆಸರು ಹೇಳಿಸಿಕೊಂಡವರು ಅಂದೇ ಮಣ್ಣುಪಾಲು.

"ಆ ಎಸ್ರು ಕೇಳೋದೊಂದು ತೆಗ್ದಾಕಕ್ಕಾ, ಎದೆ ನಡುಗ್ತದೆ," ಎಂದು ಪಕ್ಕದ ಮನೆಯ ಪಾಪಕ್ಕ ಗೋಗರೆದರೆ, "ನಡುಗ್ಲಿ ಅಂತ್ಲೇ ಇಟ್ಟಿರೋದು ಕಣಮ್ಮಿ. ಬಿಟ್ಟಿ ಸಿಗೋ ಮಾಯ ಯಾರಿಗ್ ಬೇಕು?" ಎನ್ನುವಳು. ಕೊಬ್ಬು, ಮತ್ತೇನು!

ಐವತ್ತೆಂಟನೇ ಇಸವಿಯ ಬೇಸಿಗೆಯ ಒಂದು ಬೆಳಿಗ್ಗೆ ನೆಲ ಗುಡುಗಿತು. ಗೂಡಿನ ಪಾತ್ರೆಗಳು ದಡಬಡ ಉರುಳಿದವು. ಆಳದಲ್ಲಿ ಬಂಡೆ ಸಿಡಿದು, ಕೋದಂಡಪ್ಪನೂ ಜೊತೆಯವರೂ ಒಳಗೇ ಸಿಕ್ಕಿಕೊಂಡಿದ್ದರು. ಅಮ್ಮಾಜಮ್ಮ ಗಣಿಬಾಯಿಗೆ ಓಡಿದಳು.

"ಆರೆ ಕತೆ ಏಳಕ್ಕಾ," ಎಂದು ಪಾಪಕ್ಕ ಕೈ ಹಿಡಿದುಕೊಂಡಳು. ಅವಳ ಗಂಡ ಕುಪ್ಪುಸ್ವಾಮಿಯೂ ಒಳಗಿದ್ದ.

"ಅಗಲೊತ್ತು ಕತೆ ಏಳಿದ್ರೆ ದಾರೀಲಿರೋರು ದಾರಿ ತಪ್ತಾರೆ. ಸುಮ್ಕಿರು!"

ನಿಜವಾದ ಭಯ ಅದಲ್ಲ. ಜನ ನಿಜವಾಗಿ ಒಳಗೆ ಸಿಕ್ಕಿರುವಾಗ ಕತೆ ಎತ್ತಿದರೆ ನಿಜವಾದ ಹೆಸರೇ ಹೇಳಬೇಕು. ಅಯ್ಯೋ ಶಿವನೇ, ಯಾರದು ಹೇಳುವುದು? ಬಾಯಿಗೆ ಸೆರಗು ತುರುಕಿಕೊಂಡು ನಿಂತಳು.

ಮಧ್ಯಾಹ್ನದ ಹೊತ್ತಿಗೆ ಆಳುಗಳನ್ನು ಏರಿಸುವ ಕೇಜು ಮೇಲೆ ಬಂತು. ಕುಪ್ಪುಸ್ವಾಮಿ ಇಳಿದ, ಇನ್ನಿಬ್ಬರು ಇಳಿದರು, ಕೊನೆಗೆ ಕೋದಂಡಪ್ಪ. ಸಿಕ್ಕಿಕೊಂಡವರೆಲ್ಲ ಬದುಕಿದ್ದರು! ಪಾಪಕ್ಕ ಗಂಡನನ್ನು ತಬ್ಬಿ ಗೋಳೋ ಎಂದು ಅತ್ತಳು.

ಕೋದಂಡಪ್ಪ ನೆಟ್ಟಗೆ ಬಂದು ಹೆಂಡತಿಯ ಕೆನ್ನೆ, ಭುಜ, ಕೈ ಎಲ್ಲ ಮುಟ್ಟಿ ನೋಡಿದ. "ಚೆನ್ನಾಗಿದ್ದೀಯಾ? ಏನೂ ಆಗಿಲ್ವಾ ನಿಂಗೆ?"

"ನಂಗೇನಯ್ಯಾ ಆಗ್ತದೆ? ಒಳಗಿದ್ದೋನು ನೀನು!"

ಅವನು ಅವಳ ಕೈ ಬಿಡಲಿಲ್ಲ. "ಕತ್ಲಾಗೆ ಎಲ್ರೂ ಅಳ್ತಿದ್ರು ಕಣೇ. ಧೈರ್ಯಕ್ಕೆ ಅಂತ ನಿನ್ ಕತೆ ಏಳ್ದೆ. ಆರೆ ಎಸ್ರು ಕೇಳ್ತಲ್ಲ... ಪಕ್ದಾಗೆ ಕುಂತೋರ ಎಸ್ರು ಎಂಗ್ ಏಳ್ಲಿ? ನೀನಾದ್ರೆ ಮೇಲೆ ಬಿಸ್ಲಾಗಿದ್ದೀಯ, ನಿಂಗೇನಾಗ್ತದೆ ಅಂತ ನಿನ್ ಎಸ್ರೇ..."

ಹೆಸರು ಹೇಳಿಸಿಕೊಂಡವರು ಅಂದೇ ಮಣ್ಣುಪಾಲು: ತನ್ನದೇ ಕತೆಯ ಮಾತು ಅಮ್ಮಾಜಮ್ಮನಿಗೆ ನೆನಪಾಯಿತು. ಬೈಯಲು ಬಾಯಿ ತೆರೆದವಳು ಅವನ ತೋಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಮನೇಗ್ ನಡಿ," ಎಂದಳು. "ಇವತ್ತೊಂದಿನ ನನ್ ಬಿಟ್ಟು ಎಲ್ಲೂ ಓಗ್ಬ್ಯಾಡಯ್ಯಾ."