ಬಿಡಿಸದೆ ಉಳಿದ ಎರಡು ವೈರು

ಗಾಲಿಯಡಿ ಸಿಕ್ಕು ಒಡೆದ ನಿಂಬೆಹಣ್ಣಿಗೆ ಬೇರೆಯದೇ ವಾಸನೆ. ಹುಳಿಯ ಜೊತೆ ರಬ್ಬರು, ಮಣ್ಣು… ಇವತ್ತು ದಸರೆಯ ಖಂಡೇಪೂಜೆಗೆ ಎದುರು ಮನೆಯವರು ಹೊಸ ಬೈಕು ಹಾಯಿಸಿದಾಗ ಅದು ಕಿಟಕಿಯಿಂದ ಒಳಗೆ ಬಂತು. ಊಟಕ್ಕೆ ಕುಳಿತಿದ್ದವನು ಕೈ ತೊಳೆದು ಎದ್ದುಬಿಟ್ಟೆ. ತಾಟಿನಲ್ಲಿ ಹೋಳಿಗೆ ಹಾಗೇ ಉಳಿಯಿತು.

ಇಂಡಿ ಊರಲ್ಲಿ ನನ್ನ ಗೆಳೆಯನ ತಂದೆಯನ್ನು ನಾನೂ ಕಾಕಾ ಎಂದೇ ಕರೆಯುತ್ತಿದ್ದೆ. ಸರ್ಕಾರಿ ಬಸ್ಸಿನ ಡ್ರೈವರ್ ಆಗಿದ್ದವರು. ಸಿಂದಗಿ ರಸ್ತೆಯ ಒಂದೊಂದು ತೆಗ್ಗೂ ಅವರಿಗೆ ಗೊತ್ತು. ನಿವೃತ್ತರಾದ ಮೇಲೂ ಒಂದು ರೂಢಿ ಬಿಡಲಿಲ್ಲ. ಗಾಡಿ ನಿಲ್ಲಿಸಿದರೆ ಗೇರಿನಲ್ಲೇ ಬಿಡಬೇಕು, ಗಾಲಿಗೆ ಕಲ್ಲು ಕೊಡಬೇಕು. ಹ್ಯಾಂಡ್‌ಬ್ರೇಕ್ ಎಂದರೆ ನಂಬಿಕೆಯೇ ಇಲ್ಲ.

ನಾನು ಹೈಸ್ಕೂಲಿನ ವಿಜ್ಞಾನ ಮಾಸ್ತರ. ಕೈ ಸುಮ್ಮನಿರುವುದಿಲ್ಲ, ಓಣಿಯ ಮಿಕ್ಸರು, ಪಂಪು ಎಲ್ಲ ಬಿಚ್ಚಿ ಜೋಡಿಸಿದವನು. ಗೆಳೆಯ ಹಳೆಯ ಕಾರು ಕೊಂಡಾಗ ಹೇಳಿದ, "ಬ್ಯಾಸಿಗ್ಯಾಗ ಒಳಗ ಕುಂತ್ರ ಸುಟ್ಟ ಬದನಿಕಾಯಿ ಆಗ್ತೇನಿ ಮಾರಾಯಾ. ಮನ್ಯಾಗಿಂದನ ಚಾಲೂ ಮಾಡಿ ಏಸಿ ಹಚ್ಚೂವಂಗ ಏನರ ಮಾಡು."

ರಿಮೋಟಿನ ಕಿಟ್ ತರಿಸಿದೆ. ಕ್ಲಚ್ ಒತ್ತಿದರೆ ಮಾತ್ರ ಗಾಡಿ ಚಾಲೂ ಆಗುವಂತೆ ಕಾರಿನ ಕ್ಲಚ್ಚಿನ ಬುಡದಲ್ಲಿ ಒಂದು ಸ್ವಿಚ್ ಇತ್ತು. ರಿಮೋಟಿಗೆ ಕಾಲೆಲ್ಲಿ? ಆ ಸ್ವಿಚ್ಚಿನ ಎರಡು ವೈರು ತುಂಡರಿಸಿ ಒಂದಕ್ಕೊಂದು ಜೋಡಿಸಿದೆ, ಟೇಪು ಸುತ್ತಿದೆ. ಭಾರಿ ಜಾಣನೆಂದುಕೊಂಡೆ. ಕಟ್ಟೆಯ ಮೇಲೆ ಕುಳಿತು ನೋಡುತ್ತಿದ್ದ ಕಾಕಾ, "ಒಳಗ ಮನಷ್ಯಾ ಇಲ್ಲದ ಗಾಡಿ ಚಾಲೂ ಆಗೂದು ನನಗ್ಯಾಕೋ ಸರಿ ಅನಸವಲ್ದು ತಮ್ಮಾ," ಎಂದರು. ನಾನು ನಕ್ಕೆ. ಗೇರಿನಲ್ಲಿದ್ದರೆ ಚಾಲೂ ಆದೊಡನೆ ಗಾಡಿ ಮುನ್ನುಗ್ಗುತ್ತದೆ, ಇನ್ನು ಮೇಲೆ ನ್ಯೂಟ್ರಲ್‌ನಲ್ಲೇ ನಿಲ್ಲಿಸಬೇಕೆಂದು ಗೆಳೆಯನಿಗೆ ಎರಡೆರಡು ಸಲ ಹೇಳಿದೆ.

ಕಾಕಾಗೆ ಹೇಳಲಿಲ್ಲ.

ಖಂಡೇಪೂಜೆಯ ಮುಂಜಾನೆ ಕಾಕಾನೇ ಕಾರು ತೊಳೆದು, ಗೇಟಿನ ಹತ್ತಿರ ನೆರಳಿಗೆ ತಂದು ನಿಲ್ಲಿಸಿದ್ದರು. ತಮ್ಮ ರೂಢಿಯಂತೆ, ಗೇರಿನಲ್ಲಿ. ಪೂಜೆಯಾಯಿತು. ಗಾಲಿಯ ಕಲ್ಲು ತೆಗೆದು ಆ ಜಾಗಕ್ಕೆ ನಿಂಬೆಹಣ್ಣು ಇಡಬೇಕು. ನಾನು ಬಾಗಿಲಲ್ಲಿ ನಿಂತಿದ್ದೆ. ಗೆಳೆಯ ರಿಮೋಟು ನನ್ನ ಕೈಗಿಟ್ಟು, "ಎಲ್ಲಾರ್ಗೂ ತೋರ್ಸು," ಎಂದ. ಅದಕ್ಕೆಂದೇ ಕಾಕಾ ಕಾರಿನ ಆಚೆ ಬದಿಯ ಮುಂದಿನ ಗಾಲಿಗೆ ಬಗ್ಗಿದ್ದು ನನಗೆ ಕಾಣಲಿಲ್ಲ… ಇಲ್ಲ, ನಾನು ನೋಡಲೇ ಇಲ್ಲ. ಒತ್ತಿದೆ. ಗಾಡಿ ಮುಂದಕ್ಕೆ ಜಿಗಿಯಿತು, ಗೇಟಿನ ಕಂಬಕ್ಕೆ ಬಡಿದು ನಿಂತಿತು. ಕಂಬಕ್ಕೂ ಗಾಡಿಗೂ ನಡುವೆ ಕಾಕಾನ ಎಡಗಾಲು ಇತ್ತು.

ಆಸ್ಪತ್ರೆಗೆ ಮಾತಾಡಿಸಲು ಬಂದವರಿಗೆಲ್ಲ ಕಾಕಾ ಹೇಳಿದ್ದು ಒಂದೇ. "ತಪ್ಪು ನಂದರಿ. ಗೇರಿನ್ಯಾಗ ಬಿಟ್ಟಿದ್ದೆ." ನಾನು ಪಕ್ಕದಲ್ಲೇ ಇದ್ದೆ. ಬಂದವರಿಗೆ ಸ್ಟೂಲು ಸರಿಸಿಕೊಡುತ್ತಿದ್ದೆ. ಹೇಡಿ ನಾನು.

ಎಲ್ಲರೂ ಹೋದ ಮೇಲೆ ನನ್ನ ಮುಂಗೈ ಹಿಡಿದು ಹೇಳಿದರು, "ಆ ವೈರ್ ಮೊದಲಿನಂಗ ಮಾಡಿಬಿಡು. ಮುಂದ ಗಾಡಿ ಹೊಡ್ಯಾವ್ಗ ಗೊತ್ತಿರಂಗಿಲ್ಲ."

ರಿಮೋಟಿನ ಡಬ್ಬಿ ಕಿತ್ತುಹಾಕಿದೆ. ಆದರೆ ವೈರು ಹಾಗೇ ಉಳಿದರೆ ಕೀಲಿ ತಿರುವಿದರೂ ಗೇರಿನಲ್ಲಿರುವ ಗಾಡಿ ಜಿಗಿಯುತ್ತದೆ. ವೈರು ಬಿಡಿಸಲು ಕ್ಲಚ್ಚಿನ ಬುಡದಲ್ಲಿ ತಲೆ ಹಾಕಿ ಮಲಗಬೇಕಿತ್ತು. ಒಂದು ಸಲ ಮಲಗಿದೆ. ಮ್ಯಾಟಿನಲ್ಲಿ ಕಾಕಾನ ಚಪ್ಪಲಿಯ ಮಣ್ಣು ಇನ್ನೂ ಹಾಗೇ ಇತ್ತು. ವೈರು ಮುಟ್ಟದೆ ಎದ್ದು ಬಂದೆ. ನಾಳೆ ಮಾಡಿದರಾಯಿತು ಎಂದುಕೊಂಡೆ… ಆ ನಾಳೆ ಬರುವ ಮೊದಲೇ ಗೆಳೆಯ ಗಾಡಿ ಮಾರಿಬಿಟ್ಟಿದ್ದ.

ಕಾಕಾ ಮತ್ತೆರಡು ವರ್ಷ ಕೋಲು ಹಿಡಿದು ಓಡಾಡಿದರು. ಕೊನೆಯ ದಿನಗಳಲ್ಲಿ ಮಾತು ಕಡಿಮೆಯಾಗಿತ್ತು. ಆದರೂ ಒಮ್ಮೆ ಕೇಳಿದರು, "ವೈರ್ ಸರಿ ಮಾಡಿದಿಯಲ್ಲಾ?"

"ಮಾಡೇನಿ ಕಾಕಾ," ಎಂದೆ.

"ಛಲೋ ಆತು," ಎಂದು ಗೋಡೆಯ ಕಡೆ ಮಗ್ಗುಲಾದರು.

ಇವತ್ತು ಆ ವಾಸನೆ ಬಂದ ಮೇಲೆ ತಡೆಯಲಾಗದೆ ಗೆಳೆಯನಿಗೆ ಫೋನ್ ಮಾಡಿದೆ. ಗಾಡಿ ಯಾರ ಹತ್ತಿರ ಇದೆ ಎಂದು ಕೇಳಿದೆ. ಮುದ್ದೇಬಿಹಾಳದವರು ಕೊಂಡಿದ್ದರಂತೆ, ಅವರು ಬಾಗೇವಾಡಿ ಕಡೆ ಯಾರಿಗೋ ಕೊಟ್ಟರಂತೆ, ಆಮೇಲಿನದು ಅವನಿಗೂ ಗೊತ್ತಿಲ್ಲ.

"ಯಾಕ, ಏನಾತು?" ಎಂದ.

ಹೇಳಲು ಬಾಯಿ ತೆರೆದೆ. ಹೊರಗೆ ಯಾರದೋ ಗಾಡಿ ಚಾಲೂ ಆಯಿತು.

"ಏನಿಲ್ಲ, ಸುಮ್ನ ಕೇಳಿದೆ," ಎಂದು ಫೋನ್ ಇಟ್ಟೆ.