ಪಕ್ಕದ ಮನೆಯಾಕೆಯ ದೊಡ್ಡ ಗಡಿಗೆ

ಕುರುಗೋಡಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಒಬ್ಬಂಟಿ ಹೆಂಗಸೊಬ್ಬಳಿದ್ದಳು. ದೊಡ್ಡ ಬರದ ಕಾಲಕ್ಕೆ ಗಂಜಿ ಕೇಂದ್ರದಲ್ಲಿ ಕೊಪ್ಪರಿಗೆ ತಿರುವಿದವಳು. ಆಗ ಊರಿಗೆ ಊರೇ ಜಾತಿ ಮರೆತು ಅವಳ ಮುಂದೆ ಒಂದೇ ಸಾಲಿನಲ್ಲಿ ಕೂತಿತ್ತು. ಮಡಿವಂತೆಯಾದ ನನ್ನ ತಾಯಿಯೂ ಕೂತಿದ್ದಳು.

ಮಳೆ ಬಂತು, ಜೋಳ ಬಂತು, ನಮ್ಮ ಮನೆಗೆ ಮಡಿಯೂ ವಾಪಸು ಬಂತು. ಆಕೆಗೆ ಮಾತ್ರ ಒಬ್ಬಳಿಗಾಗುವಷ್ಟು ಬೇಯಿಸುವುದು ಮರೆತೇ ಹೋಗಿತ್ತು. ದಿನಾ ದೊಡ್ಡ ಗಡಿಗೆ ತುಂಬ ಜೋಳದ ನುಚ್ಚು ಮಾಡಿಬಿಡುವಳು. ಆಮೇಲೆ ಸೆರಗಿಗೆ ಕೈ ಒರೆಸುತ್ತ ಬಾಗಿಲಿಗೆ ಬಂದು ಕೂಗುವಳು: "ಇವತ್ತೂ ಕೈ ತಪ್ಪೇತಿ, ಬರ್ರೆಪ್ಪೋ!" ಓಣಿಯವರೆಲ್ಲ ನಗುತ್ತ ಹೋಗಿ ಉಣ್ಣುತ್ತಿದ್ದರು. ನಾನೂ ಕದ್ದು ಹೋಗುತ್ತಿದ್ದೆ. ತಾಯಿ ಹೊರಗೆ ಬರುತ್ತಿರಲಿಲ್ಲ.

ಒಮ್ಮೆ ಆಕೆಗೆ ಜ್ವರ ಬಂದು ಮೂರು ದಿನ ಕೂಗು ಕೇಳಲಿಲ್ಲ. ನಾಲ್ಕನೆಯ ದಿನ ನಮ್ಮ ಒಲೆಯ ಮೇಲೆ ಹಬ್ಬದ ಪಾತ್ರೆ ಕೂತಿತ್ತು, ಅಂಚಿನವರೆಗೂ ನುಚ್ಚು. ಉಣ್ಣುವವರು ನಾವಿಬ್ಬರೇ! ತಾಯಿ ಅದನ್ನು ತಾನೇ ಹೊತ್ತುಕೊಂಡು ಹೋಗಿ ಪಕ್ಕದ ಹೊಸ್ತಿಲಲ್ಲಿ ನಿಂತಳು.

"ನನ್ನ ಕೈನೂ ತಪ್ಪೇದವ್ವಾ."

ಆಕೆ ಹಾಸಿಗೆಯಲ್ಲೇ ಎದ್ದು ಕೂತು, ಒಂದು ತುತ್ತು ಬಾಯಿಗಿಟ್ಟು ಗಹಗಹಿಸಿ ನಕ್ಕಳು. "ಉಪ್ಪ ಹಾಕಾಕ ಮರ್ತೀರಿ, ಅಮ್ಮಾರ! ಇರ್ಲಿ, ಕೂಡ್ರಿ, ಉಣ್ರಿ."

ತಾಯಿ ಆಕೆಯ ಮನೆಯ ಉಪ್ಪನ್ನೇ ತೆಗೆದು ಬೆರೆಸಿದಳು. ಆಮೇಲೆ ಸೆರಗಿಗೆ ಕೈ ಒರೆಸುತ್ತ ಬಾಗಿಲಿಗೆ ಬಂದು, ಓಣಿಯ ಆ ತುದಿಗೂ ಕೇಳುವಂತೆ ಕೂಗಿದಳು: "ಬರ್ರೆಪ್ಪೋ, ಬರ್ರಿ!"